ನಿಶ್ಶಬ್ದರು ಇಳಿದ ತಿಂಗಳು

ಜೂನ್ 3, ಮಂಗಳವಾರ

ಡಬ್ಬಿಂಗ್ ಕಂಪನಿಯ ರೇವಂತ್ ಬೆಂಗಳೂರಿನಿಂದ ಫೋನ್ ಮಾಡಿದ್ದ. ಕೆಲಸ ನನಗೇ ಸಿಕ್ಕಿದೆ. ಜಪಾನಿನ ಧಾರಾವಾಹಿಯೊಂದನ್ನು ಕನ್ನಡಕ್ಕೆ ಡಬ್ ಮಾಡುತ್ತಾರೆ, ಪಾತ್ರಗಳ ಮಾತನ್ನು ನಾನು ಬರೆಯಬೇಕು. ಬಾಯ್ತಪ್ಪಿ ಕಾರ್ಟೂನು ಅಂದುಬಿಟ್ಟೆ. "ಅನಿಮೆ ಅನ್ನಿ ಮೇಡಂ, ಕಾರ್ಟೂನ್ ಅಂದ್ರೆ ಫ್ಯಾನ್ಸು ಮನೆಗೆ ಬಂದು ಹೊಡೀತಾರೆ" ಅಂದ.

ಕಥೆ ಇಷ್ಟು. ಆಕಾಶದಿಂದ ಶತ್ರುಗಳು ಇಳಿಯುತ್ತಾರೆ. ಕಣ್ಣಿಗೆ ಕಾಣುವ ಮೊದಲೇ ಅವರು ಬಂದದ್ದು ತಿಳಿಯುತ್ತದೆ, ಯಾಕೆಂದರೆ ಸದ್ದು ನಿಲ್ಲುತ್ತದೆ. ಮೊದಲು ಹಕ್ಕಿ, ಆಮೇಲೆ ಗಾಳಿ, ರೈಲು, ಕೊನೆಗೆ ಮನುಷ್ಯರ ದನಿ. ಅವರ ಎದುರು ನಿಲ್ಲುವುದು ಹತ್ತು ಮಹಡಿ ಎತ್ತರದ ಒಂದು ಉಕ್ಕಿನ ರೋಬೋ. ಅದರ ಎದೆಗೂಡಿನಲ್ಲಿ ಕೂತು ನಡೆಸುವವಳು ಸಯೊ ಎಂಬ ಹುಡುಗಿ. ಆ ರೋಬೋಗೆ ಕನ್ನಡದಲ್ಲಿ 'ಮಹಾಕವಚ' ಅಂತ ಕಂಪನಿಯವರೇ ಹೆಸರಿಟ್ಟಿದ್ದಾರೆ. ತಿಂಗಳ ಕೊನೆಗೆ ಮೊದಲ ಭಾಗವೆಲ್ಲ ಮುಗಿಯಬೇಕು.

ನನಗೆ ಖುಷಿಯಾಗಿದೆ. ಎಂ.ಎ. ಮಾಡಿ ಹರಿಹರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಅನ್ನಿಸಿಕೊಂಡಿದ್ದೆ. ಬಸುರಿಯಾದ ಮೇಲೆ ಆ ಪಾಠ ಬೇರೆಯವರಿಗೆ ಹೋಯಿತು. ಹೆರಿಗೆಯಾದ ಮೇಲೆ ನನ್ನನ್ನು ಹೆಸರು ಹಿಡಿದು ಕರೆದ ಮೊದಲ ಫೋನು ಇದು. ಉಳಿದವರೆಲ್ಲ ಕೇಳುವುದು ಕೂಸನ್ನು.

ಕೂಸು ಸಿರಿಗೆ ಮೂರು ತಿಂಗಳು ತುಂಬುತ್ತಿದೆ. ಹೊತ್ತು ಇಳಿಯುತ್ತಲೇ ಅಳು ಶುರು. ಹಾಲಿಗಲ್ಲ, ಒದ್ದೆಗಲ್ಲ, ಏನಕ್ಕೋ. ನನ್ನ ಅವ್ವನಿಗೆ ಸೊಂಟ ಹಿಡಿದು ಹರಿಹರದ ಮನೆಯಲ್ಲಿ ಅವಳೇ ಮಲಗಿದ್ದಾಳೆ. ಹಾಗಾಗಿ ಬಾಣಂತನ ಅರ್ಧಕ್ಕೇ ಮುಗಿಸಿ ದಾವಣಗೆರೆ ಎಸ್.ಎಸ್. ಬಡಾವಣೆಯ ಈ ಬಾಡಿಗೆ ಮನೆಗೆ ಬಂದೆ. ಭಾನುವಳ್ಳಿಯಿಂದ ಅತ್ತೆ ತಿಮ್ಮವ್ವ ಬಂದು ನಿಂತಿದ್ದಾರೆ.

ಇವತ್ತು ಅವರೊಂದಿಗೆ ಜಗಳವೂ ಆಯಿತು. ನೋಡಿದರೆ ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯುತ್ತಿದ್ದಾರೆ, ಕೂಸಿಗೆ ನೆಕ್ಕಿಸಲು.

"ಬ್ಯಾಡ್ರಿ ಅತ್ತೆ. ಅದು ಮತ್ತು ಬರಸತೈತೆ. ಡಾಕ್ಟ್ರೇ ಬರದಾರೆ, ಫೋನ್‌ನಾಗ ತೋರಿಸ್ಲಾ?"

"ಎರಡು ಸುತ್ತು ತೇಯ್ದ್ರೆ ಎಂಥ ಮತ್ತವ್ವ? ನಾಕು ಹಡದೀನಿ ನಾನು. ನಿನ್ನ ಗಂಡನೂ ಇದನ್ನ ನೆಕ್ಕೇ ಬೆಳದಾನೆ."

"ಅದಕ್ಕೇ ಈಗ್ಲೂ ಎಬ್ಬಿಸಿದ್ರೆ ಏಳಲ್ಲ."

ನನ್ನ ಗಂಡ ಪರಶುರಾಮ ಹರಿಹರದಿಂದ ಕೆಲಸ ಮುಗಿಸಿ ಆಗಷ್ಟೇ ಬಂದು ಬೂಟು ಬಿಚ್ಚುತ್ತಿದ್ದರು. ನಕ್ಕುಬಿಟ್ಟರು. ಆಮೇಲೆ, "ಅವಳು ಓದಿದಾಕಿ ಐದಾಳೆ, ಬಿಡವ್ವ" ಅಂದರು. ಅತ್ತೆ ಕಲ್ಲು ತೊಳೆದು ಅಡಿಗೆಮನೆಯ ಮೇಲಿನ ಗೂಡಿನಲ್ಲಿಟ್ಟರು. ಜಾಯಿಕಾಯಿಯನ್ನೂ ಅದರ ಪಕ್ಕಕ್ಕೇ. "ಆತವ್ವ. ನಿನ್ನ ಕೂಸು, ನಿನ್ನ ಫೋನು."

ಗೆದ್ದೆ. ಆದರೆ ಕೂಸು ಅಳುತ್ತಲೇ ಇತ್ತು.

ಜೂನ್ 6, ಶುಕ್ರವಾರ

ಈ ಕೆಲಸದ ಕಷ್ಟ ಅರ್ಥಕ್ಕಿಂತ ಬಾಯಿಯದು. ಪರದೆಯ ಮೇಲೆ ಸಯೊಳ ತುಟಿ ಎಲ್ಲಿ ಮುಚ್ಚುತ್ತದೋ ಅಲ್ಲಿ ನನ್ನ ಕನ್ನಡದಲ್ಲಿ ಪ, ಬ, ಮ ಬರಬೇಕು. ಬಾಯಿ ಅಗಲವಾಗಿ ತೆರೆದಲ್ಲಿ ಆ, ಹಾ. ಬಾಯಿ ನಿಂತರೆ ಮಾತೂ ನಿಲ್ಲಬೇಕು. ಒಂದೇ ವಾಕ್ಯವನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತೇನೆ. ಕನ್ನಡಿ ಮುಂದೆ ನಿಂತು ಹೇಳಿಕೊಳ್ಳುತ್ತೇನೆ. ಅತ್ತೆ ಬಾಗಿಲಲ್ಲಿ ನಿಂತು, "ಯಾರ ಜೋಡಿ ಮಾತಾಡ್ತಿ?" ಅಂದರು. "ರೋಬೋ ಜೋಡಿ" ಅಂದೆ. "ನಮ್ಮ ಜೋಡೀನೂ ಒಂದೀಟು ಆಡವ್ವ" ಅಂತ ಹೋದರು.

ಶತ್ರುಗಳಿಗೆ 'ನಿಶ್ಶಬ್ದರು' ಅಂತ ಹೆಸರಿಟ್ಟೆ. ಏಲಿಯನ್ಸ್ ಅಂತಲೇ ಇರಲಿ ಅಂದಿದ್ದ ರೇವಂತ್, ಆಮೇಲೆ ಒಪ್ಪಿದ.

ಅವನಿಗೆ ಸಾಲುಗಳನ್ನು ಓದಿ ಹೇಳುವಾಗ ಸಿರಿ ಕಿರುಚಲು ಶುರು ಮಾಡಿದಳು. ಅತ್ತೆ ಎತ್ತಿಕೊಂಡು ಹೊರಗೆ ಹೋದರೂ ಬೀದಿಯಿಂದ ಕೇಳುತ್ತಿತ್ತು. "ಮೇಡಂ, ನಿಮ್ಮ ಕಡೆಯ ನಿಶ್ಶಬ್ದರು ಬಹಳ ಜೋರಿದ್ದಾರೆ" ಅಂದ. ನಾನೂ ನಕ್ಕೆ. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನೀರಿನ ಸದ್ದಿನಲ್ಲೂ ಅಳುವೇ ಕೇಳುತ್ತಿತ್ತು. ಹೊರಗೆ ಬಂದು ನೋಡಿದರೆ ಸಿರಿ ಹಾಲು ಕುಡಿಯಲು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು, ಅಳುತ್ತಿರಲೇ ಇಲ್ಲ.

ಜೂನ್ 11, ಬುಧವಾರ

ನಿದ್ದೆ ಎಂಬುದು ಯಾವ ಕಡೆಯಿಂದ ಬರುತ್ತದೆ ಅನ್ನುವುದೇ ಮರೆತಿದೆ. ಕೂಸು ಮಲಗಿದರೂ ನನಗೆ ಬರುವುದಿಲ್ಲ. ಈಗ ಏಳುತ್ತದೆ, ಇನ್ನೇನು ಏಳುತ್ತದೆ ಅಂತ ಕಾಯುತ್ತೇನೆ. ಸಯೊಗೂ ಹಾಗೇ. ಅವಳು ಮಲಗಿದರೆ ಕವಚ ಸತ್ತುಹೋಗುತ್ತದೆ, ಆದ್ದರಿಂದ ದಳಪತಿ ಅವಳ ಕುತ್ತಿಗೆಗೆ ಸೂಜಿ ಚುಚ್ಚಿಸುತ್ತಾನೆ. 'ಇದು ಔಷಧವಲ್ಲ, ಮಗೂ. ಇದು ಕರ್ತವ್ಯ' ಅನ್ನುತ್ತಾನೆ. ಆ ಸಾಲು ಬಾಯಿಗೆ ಚೆನ್ನಾಗಿ ಕೂತಿತು.

ಇವತ್ತು ಮಧ್ಯಾಹ್ನ ತೊಟ್ಟಿಲನ್ನು ಜೋರಾಗಿ ತೂಗಿದೆ. ಎಷ್ಟು ಜೋರೆಂದರೆ ಸಿರಿಯ ತಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಯಿತು, ಒಂದು ಕ್ಷಣ ಅಳು ನಿಂತು ಕಣ್ಣು ದೊಡ್ಡದಾಯಿತು. ನನ್ನ ಕೈ ನೋಡಿಕೊಂಡೆ. ಬೇರೆ ಯಾರದೋ ಕೈ ಅನ್ನಿಸಿತು.

ಇದಕ್ಕಿಂತ ಅದೇ ವಾಸಿ ಅಂದುಕೊಂಡೆ. ಅತ್ತೆ ಮೊಸರಿಗೆ ಹೋಗಿದ್ದರು. ಗೂಡಿನಿಂದ ಕಲ್ಲು ಇಳಿಸಿ, ಎರಡು ಹನಿ ಎದೆಹಾಲು ಹಿಂಡಿ, ಒಂದೇ ಒಂದು ಸುತ್ತು ತೇಯ್ದು ಬೆರಳಲ್ಲಿ ನೆಕ್ಕಿಸಿದೆ. ಕಲ್ಲು ತೊಳೆದು, ಒರೆಸಿ, ಇದ್ದಲ್ಲೇ ಇಟ್ಟೆ. ಮತ್ತೆ ಫೋನಿನಲ್ಲಿ ಹುಡುಕಿದೆ. ಸ್ವಲ್ಪವಾದರೆ ಪರವಾಗಿಲ್ಲ ಅಂತ ಬರೆದವರೂ ಇದ್ದಾರೆ. ಆವತ್ತು ಅದು ಯಾಕೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲವೋ.

ಸಿರಿ ಮಲಗಿದಳು. ಎರಡು ಕಂತು ಮುಗಿಸಿದೆ.

ಜೂನ್ 12, ಗುರುವಾರ

ಮಲಗಿದ್ದೆ. ಎದ್ದಾಗ ಬಾಯಲ್ಲಿ ಜೊಲ್ಲು ಸುರಿದು ದಿಂಬು ಒದ್ದೆಯಾಗಿತ್ತು. ಎಷ್ಟು ಸುಖ.

ಜೂನ್ 17, ಮಂಗಳವಾರ

ಮನೆ ಈಗ ಮನೆಯಂತಿದೆ. ದಿನಾ ಮಧ್ಯಾಹ್ನ ಮೂರು ಸುತ್ತು ತೇಯುತ್ತೇನೆ, ಒಂದಕ್ಕೆ ಈಗ ಬಗ್ಗುವುದಿಲ್ಲ. ಸಂಜೆಯೂ ಅಳುವಿಲ್ಲ. ಅತ್ತೆಗೆ ಏನೂ ಗೊತ್ತಿಲ್ಲ. ಎಣ್ಣೆ ಹಚ್ಚಿ ಬಿಸಿನೀರು ಹಾಕುವ ತಮ್ಮ ಕೈಗುಣ ಅಂತಲೇ ತಿಳಿದಿದ್ದಾರೆ. "ನೋಡಿದ್ಯಾ, ಕೂಸು ಹೆಂಗೆ ಸುಮ್ನಾತು! ಎಲ್ಲಾ ನಿನ್ನ ಫೋನ್‌ನಾಗ ಇರಲ್ಲವ್ವ" ಅನ್ನುತ್ತಾರೆ. ಅನ್ನುವಾಗ ನನ್ನ ಮುಖ ನೋಡುವುದಿಲ್ಲ. ನಾನೂ ಅವರ ಮುಖ ನೋಡುವುದಿಲ್ಲ. ಹೊಂದಿಕೊಂಡು ಹೋಗುತ್ತಿದ್ದೇವೆ.

ಮಹಡಿಯ ಮೇಲಿನ ಗುಲ್ನಾಜ್ ಬಟ್ಟೆ ಒಣಗಿಸಲು ಬಂದವಳು ಕಿಟಕಿಯಲ್ಲಿ ಇಣುಕಿದಳು. ಬ್ಲೌಸ್ ಹೊಲಿಯುತ್ತಾಳೆ, ಅವಳ ಮಷಿನ್ನಿನ ಸದ್ದು ಯಾವಾಗಲೂ ನಮ್ಮ ತಲೆಯ ಮೇಲೆ.

"ಏನ್ರಿ ಸುನೀತಾ, ಕೂಸಿನ ಸದ್ದೇ ಇಲ್ಲ! ಅಜ್ಜಿ ಊರಿಗೆ ಪಾರ್ಸಲ್ ಮಾಡೀರೇನು?"

"ಮಲಗೈತೆ."

"ಯಾವಾಗ್ಲೂ ಮಲಗೈತೆ ಅಂತೀರಿ. ಅದೇನು ರಾಣಿಯೋ, ಕಲ್ಲೋ?" ಅಂತ ನಕ್ಕಳು. ಅವಳ ಮೂರು ಮಕ್ಕಳ ಗಲಾಟೆಗೆ ನಾನೆಂದೂ ಏನೂ ಅಂದಿಲ್ಲ.

ಕಲ್ಲು ಇಳಿಸಿದಾಗ ತಣ್ಣಗೆ ತೇವವಾಗಿತ್ತು. ಮಳೆಗಾಲ ಹಿಡಿಯಿತಲ್ಲ, ಗೋಡೆಯ ತೇವ ಇರಬೇಕು. ಜಾಯಿಕಾಯಿಯೂ ಬೇಗ ಸವೆಯುತ್ತಿದೆ. ಪೇಟೆಯಲ್ಲಿ ಈಗ ಎಲ್ಲವೂ ಟೊಳ್ಳೇ ಬರುತ್ತದೆ.

ಜೂನ್ 21, ಶನಿವಾರ

ನನ್ನ ಭಾಷೆ ಹದವಾಗಿದೆ ಅಂತ ರೇವಂತ್ ಹೇಳಿದ. "ಸಯೊ ದಾವಣಗೆರೆಯಲ್ಲೇ ಹುಟ್ಟಿದ ಹಾಗೆ ಮಾತಾಡ್ತಾಳೆ" ಅಂದ.

ಇವತ್ತಿನ ಕಂತಿನಲ್ಲಿ ನಿಶ್ಶಬ್ದರು ಒಂದು ಇಡೀ ಪಟ್ಟಣದ ಮೇಲೆ ಇಳಿಯುತ್ತಾರೆ. ಗಾಜು ಒಡೆಯುತ್ತದೆ, ಸೇತುವೆ ಬೀಳುತ್ತದೆ, ಏನೂ ಕೇಳುವುದಿಲ್ಲ. ಗುಂಪಿನ ನಡುವೆ ಒಬ್ಬ ಹೆಂಗಸು ಕೂಸನ್ನು ಎದೆಗೆ ಅವುಚಿಕೊಂಡು ನಿಂತಿದ್ದಾಳೆ. ಕೂಸಿನ ಬಾಯಿ ತೆರೆದಿದೆ, ದನಿ ಇಲ್ಲ. ಅಲ್ಲಿ ಮಾತು ಬೇಕಿಲ್ಲ, ಅದು ಮುಖ್ಯ ಪಾತ್ರವೂ ಅಲ್ಲ. ಆದರೂ ನಾನು ಆ ಬಾಯಿಗೆ ಏನೇನೋ ಅಕ್ಷರ ಹೊಂದಿಸುತ್ತ ಬಹಳ ಹೊತ್ತು ಕಳೆದೆ.

ಕೂಸು ಹಾಲು ಕಡಿಮೆ ಕುಡಿಯುತ್ತಿದೆ. ಬಾಯಿಗಿಟ್ಟರೆ ಎರಡು ಸಲ ಚೀಪಿ ಬಿಟ್ಟುಬಿಡುತ್ತದೆ. ಎದೆ ಕಲ್ಲಾಗಿ ಜ್ವರ ಬಂದ ಹಾಗಿದೆ. ಹಿಂಡಿ ಬಚ್ಚಲಿಗೆ ಚೆಲ್ಲಿದೆ. ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಕೂತರೆ ಕೆಲಸ ಸಾಗುತ್ತದೆ.

ಜೂನ್ 24, ಮಂಗಳವಾರ

ಇವರು ಕೂಸಿನ ಮುಖದ ಮುಂದೆ ಚಿಟಿಕೆ ಹೊಡೆಯುತ್ತ ಕೂತಿದ್ದರು.

"ಇದ್ಯಾಕ ನನ್ನ ನೋಡೋದೇ ಇಲ್ಲ? ಮೊದ್ಲು ನಗ್ತಿತ್ತಲ್ಲ."

"ನೀವು ಮನ್ಯಾಗ ಇದ್ರೆ ತಾನೆ ಗುರುತು ಹಿಡಿಯೋದು."

"ಹಂಗಲ್ಲ ಮಾರಾಯ್ತಿ. ಕಣ್ಣು ಎಲ್ಲೋ ಐತೆ. ನಾಳೆ ರಜ ಹಾಕ್ತೀನಿ, ಡಾಕ್ಟ್ರಿಗೆ ತೋರ್ಸಾಣ."

"ಶನಿವಾರ ಕೊನೇ ಕಂತು ಕೊಡ್ಬೇಕು ನಾನು. ಭಾನುವಾರ ಹೋಗಾಣ. ಉಸಿರಾಡ್ತೈತೆ, ಮಲಗ್ತೈತೆ, ಇನ್ನೇನು ಬೇಕು?"

ಅತ್ತೆಯೂ, "ಹೊಟ್ಟಿ ತಣ್ಣಗೈತೆ ಅದಕ್ಕೆ, ಮಲಗ್ಲಿ ಬಿಡೋ" ಅಂದರು. ಈ ಮನೆಯಲ್ಲಿ ಅತ್ತೆ ನನ್ನ ಪರ ಮಾತಾಡಿದ್ದು ಇದೇ ಮೊದಲು.

ಜೂನ್ 26, ಗುರುವಾರ

ಬೆಳಿಗ್ಗೆ ಅತ್ತೆ ಭಾನುವಳ್ಳಿಗೆ ಹೋದರು. ಮಾವ ಗೋಣೆಪ್ಪನವರಿಗೆ ಮೈ ಬಿಸಿಯಂತೆ, ನಾಳೆ ಬರುತ್ತಾರೆ. ಚಪ್ಪಲಿ ಮೆಟ್ಟಿಕೊಂಡವರು ಮತ್ತೆ ಒಳಗೆ ಬಂದು, "ಸಂಜಿಗೆ ಅತ್ರೆ ಹೆಂಗೆ ಮಲಗಿಸ್ತೀಯವ್ವ?" ಅಂದರು. "ನಾನೇನು ತಾಯಿ ಅಲ್ವೇನ್ರಿ?" ಅಂದೆ. ಏನೋ ಹೇಳಲು ಬಾಯಿ ತೆರೆದರು. ಬಸ್ಸಿಗೆ ಹೊತ್ತಾಯಿತು ಅಂತ ಹೊರಟರು.

ಅವರ ಬಾಯಿ ಹರಕೆಯೋ ಏನೋ, ಸಂಜೆ ಕೂಸು ಎದ್ದಿತು. ಹಳೆಯ ಅಳು. ಕಿವಿಯಲ್ಲಿ ಮೊಳೆ ಹೊಡೆದ ಹಾಗೆ. ಮಧ್ಯಾಹ್ನ ಹಾಕಿದ್ದರೂ ಹೀಗೆ ಯಾಕೆ ಅಂತ ತಿಳಿಯಲಿಲ್ಲ. ಮೂರು ಸುತ್ತು ಇನ್ನು ನಾಟುವುದಿಲ್ಲ ಅಂತ ಕಾಣುತ್ತದೆ. ಮತ್ತೆ ಐದು ತೇಯ್ದೆ.

ಕೊನೆಯ ಎರಡು ಕಂತು ಉಳಿದಿವೆ.

ಜೂನ್ 27, ಶುಕ್ರವಾರ

ಅತ್ತೆ ಬಂದರು. ಬಂದವರೇ ತೊಟ್ಟಿಲಿಗೆ ಹೋದರು. ಹೊತ್ತಿಗೊಂದು ಸಲ ಎಂಟು ಸುತ್ತು ಅಂತ ನಿಶ್ಚಯಿಸಿದ್ದೇನೆ. ಲೆಕ್ಕ ಸುಲಭ, ಕೂಸೂ ಸುಲಭ. ಕೆಲಸ ಓಡುತ್ತಿದೆ.

ಜೂನ್ 28, ಶನಿವಾರ

ಮುಗಿಸಿದೆ. ಕಳಿಸಿದೆ.

ಕೊನೆಯ ಕಂತಿನ ತಿರುವು ನನಗೆ ಹಿಡಿಸಲಿಲ್ಲ. ಊರುಗಳ ಸದ್ದು ಹೀರಿದ್ದು ಶತ್ರುಗಳಲ್ಲವಂತೆ, ಕವಚವೇ ಅಂತೆ. ಸಯೊ ಅದನ್ನು ಚಾಲೂ ಮಾಡಿದಾಗೆಲ್ಲ ಅದು ಸುತ್ತಲಿನ ದನಿ ತಿಂದು ನಡೆಯುತ್ತಿತ್ತಂತೆ. ಇಷ್ಟು ದಿನ ಕಾಪಾಡಿದವಳ ತಲೆಗೆ ಹೀಗೆ ಕಟ್ಟಿದರೆ ನೋಡುವವರು ಒಪ್ಪುತ್ತಾರೆಯೇ? ಒಂದು ಸಾಲನ್ನು ಸ್ವಲ್ಪ ಮೆದು ಮಾಡಿ ಬರೆದೆ.

ಈಗ ಮಧ್ಯಾಹ್ನ ಮೂರು ಗಂಟೆ. ಮೇಲೆ ಗುಲ್ನಾಜಳ ಮಷಿನ್ನು ನಿಂತಿದೆ. ಕೂಸು ಬೆಳಿಗ್ಗೆಯಿಂದ ಮಲಗಿದೆ. ಆಗಾಗ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಮೊದಲು ಅಗಲ, ಕೊನೆಗೆ ತುಟಿ ಸೇರುತ್ತದೆ, ನಡುವೆ ತಡ. ಎರಡು ಅಕ್ಷರದ ಜಾಗ. ಯಾವ ಮಾತಾದರೂ ಕೂರಬಹುದು.

ಎಂಥ ಶಾಂತಿ.

ಜುಲೈ 2, ಬುಧವಾರ

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಸಿರಿ ಒಳಗೆ ಗಾಜಿನ ಆಚೆ ಇದ್ದಾಳೆ. ನನ್ನನ್ನು ಹಾಲು ಹಿಂಡಿಕೊಡಲು ಮಾತ್ರ ಕರೆಯುತ್ತಾರೆ.

ಶನಿವಾರ ಸಂಜೆ ಅತ್ತೆ ಕೂಸಿನ ಕಾಲು ಮುಟ್ಟಿ, "ಪರಶ್ಯಾ!" ಅಂತ ಕೂಗಿದರು. ಕಾಲು ತಣ್ಣಗಿತ್ತು. ಉಸಿರು ಒಂದು ಬಂದು, ಇನ್ನೊಂದು ಬರಲು ಮರೆತ ಹಾಗೆ. ಗುಲ್ನಾಜ್ ಹೊಲಿಗೆಯ ಟೇಪು ಕುತ್ತಿಗೆಯಲ್ಲೇ ಬಿಟ್ಟುಕೊಂಡು ಓಡಿಬಂದಳು, ಆಟೋ ನಿಲ್ಲಿಸಿದವಳು ಅವಳೇ. ಎಂ.ಸಿ.ಸಿ. ಬಡಾವಣೆಯ ಕ್ಲಿನಿಕ್ಕಿನವರು ನೋಡಿದ ಕೂಡಲೇ ಈ ದೊಡ್ಡ ಆಸ್ಪತ್ರೆಗೆ ಕಳಿಸಿದರು. ದಾರಿಯಲ್ಲಿ ಸಿರಿಯ ಒಂದು ಕೈ ತಾನಾಗಿಯೇ ಅದುರಿತು.

ಡಾಕ್ಟರಿಗೆ ನನ್ನ ವಯಸ್ಸೇ ಇರಬೇಕು. "ಮನೇಲಿ ಏನು ಕುಡಿಸಿದೀರಿ?" ಅಂತ ಕೇಳಿದರು. ಕೇಳಿದ್ದು ನನ್ನನ್ನು.

ಅತ್ತೆ ಮುಂದೆ ಬಂದರು. "ನಾನು ಜಾಯಿಕಾಯಿ ತೇಯ್ದು ಹಾಕೀನ್ರಿ ಸಾಹೇಬ್ರ. ದಿನಾ ಸಂಜಿಗೆ, ಎರಡು ಸುತ್ತು. ಸೊಸಿ ಬ್ಯಾಡ ಅಂದಿದ್ಲು. ಕದ್ದು ಹಾಕೀನಿ."

ದಿನಾ ಸಂಜೆ. ಒದ್ದೆ ಕಲ್ಲು. ಆ ಹೊತ್ತಿನಲ್ಲಿ ನನಗೆ ಅದೊಂದೇ ಹೊಳೆಯುತ್ತಿತ್ತು, ಕಲ್ಲು ಒದ್ದೆ, ಕಲ್ಲು ಒದ್ದೆ ಅಂತ.

ಇವರು ತಮ್ಮ ಅವ್ವನ ಮೇಲೆ ಕೈ ಎತ್ತಿದರು. ಗುಲ್ನಾಜ್ ಹಿಡಿದುಕೊಂಡಳು.

"ಎರಡು ಸುತ್ತಿಗೆ ಇಷ್ಟಾಗಲ್ಲಮ್ಮ" ಅಂದರು ಡಾಕ್ಟರು. "ಹಂಗಾದ್ರೆ ಇದು ಮೆದುಳಿನ ಜ್ವರ ಇರಬಹುದು. ಬೆನ್ನಿಂದ ನೀರು ತೆಗೀಬೇಕು. ಅದರ ಔಷಧಿಗಳೇ ಬೇರೆ. ಸರಿಯಾಗಿ ಹೇಳಿ, ಇನ್ನೇನಾದ್ರೂ ಹಾಕಿದ್ರಾ?"

ನರ್ಸು ಸಿರಿಯನ್ನು ಮಗ್ಗುಲಿಗೆ ತಿರುಗಿಸಿ ಮೊಣಕಾಲನ್ನು ಹೊಟ್ಟೆಗೆ ಮಡಚಿ ಹಿಡಿದಳು. ಬೆನ್ನಿನ ಮೂಳೆಗಳು ಸಣ್ಣ ಸಣ್ಣ ಮಣಿಯ ಹಾಗೆ ಕಂಡವು. ನಾನು ಹೇಳುತ್ತೇನೆ ಅಂದುಕೊಂಡೆ. ಈಗ ಹೇಳುತ್ತೇನೆ, ಸೂಜಿ ಕೈಗೆತ್ತಿಕೊಂಡ ಕೂಡಲೇ ಹೇಳುತ್ತೇನೆ. ಡಾಕ್ಟರು ಸೂಜಿ ಕೈಗೆತ್ತಿಕೊಂಡರು.

ಅತ್ತೆ ನನ್ನ ಮುಖ ನೋಡುತ್ತಿದ್ದರು. ಬಹಳ ಹೊತ್ತಲ್ಲ.

"ನಿಂದರ್ರಿ ಸಾಹೇಬ್ರ. ಎರಡಲ್ಲ. ಸುಳ್ಳು ಹೇಳೀನಿ. ಹತ್ತು ಹಾಕೀನಿ, ಮಧ್ಯಾಹ್ನಕ್ಕೂ ಹಾಕೀನಿ. ಕಾಯಿ ಅರ್ಧ ಸವದು ಹೋಗೈತೆ."

ಡಾಕ್ಟರು ಸೂಜಿಯನ್ನು ಟ್ರೇಯಲ್ಲಿಟ್ಟರು. "ಏನಜ್ಜಿ, ಕೊಲ್ಲೋಕೆ ಹೊರಟಿದ್ರಾ?"

"ಹೌದ್ರಿ. ತಪ್ಪಾತು" ಅಂದರು ಅತ್ತೆ.

ಅವರಿಗೆ ಗೊತ್ತಿತ್ತು. ಯಾವಾಗಿಂದ ಗೊತ್ತಿತ್ತೋ ನಾನು ಕೇಳಿಲ್ಲ. ಆವತ್ತೇ ಇವರು ಅವರನ್ನು ಭಾನುವಳ್ಳಿಯ ಬಸ್ಸು ಹತ್ತಿಸಿದರು. ಚೀಲ ತರಲು ಮನೆಗೂ ಬಿಡಲಿಲ್ಲ.

ಜುಲೈ 8, ಮಂಗಳವಾರ

ಮನೆಗೆ ಬಂದೆವು. ಉಸಿರು ಸರಿಯಾಗಿದೆ. ಮೆದುಳಿಗೆ ಎಷ್ಟು ಪೆಟ್ಟಾಗಿದೆ ಅನ್ನುವುದು ಈಗ ಗೊತ್ತಾಗುವುದಿಲ್ಲವಂತೆ. ಕತ್ತು ನಿಲ್ಲಬೇಕು, ಕೂರಬೇಕು, ಆವಾಗ ನೋಡಬೇಕಂತೆ. ಎಡಗೈ ಇನ್ನೂ ಮುಷ್ಟಿ ಬಿಚ್ಚಿಲ್ಲ.

ರೇವಂತ್ ಫೋನ್ ಮಾಡಿದ್ದ. "ಮೇಡಂ, ಕೊನೆ ಕಂತಲ್ಲಿ ಒಂದು ಸಾಲು ತಪ್ಪಾಗಿದೆ. ನೀವು ಶತ್ರುಗಳೇ ಮಾಡಿದ್ದು ಅಂತ ಬರೆದಿದ್ದೀರಿ. ಮೂಲದಲ್ಲಿ ಹಾಗಿಲ್ಲ." ಕೂಡಲೇ ತಿದ್ದಿ ಕಳಿಸಿದೆ. ಒಂದು ನಿಮಿಷದ ಕೆಲಸ.

ಸಿರಿ ಸಂಜೆ ಅಳುತ್ತಾಳೆ. ಎತ್ತಿಕೊಂಡು ಓಡಾಡುತ್ತೇನೆ. ಗುಲ್ನಾಜ್ ಬಂದು ಹೊತ್ತುಕೊಳ್ಳುತ್ತಾಳೆ, ಮೊದಲಿನಂತೆ ತಮಾಷೆ ಮಾಡುವುದಿಲ್ಲ. ಮೊನ್ನೆ ಗೂಡಿನಿಂದ ಕಲ್ಲು, ಕಾಯಿ ಎರಡನ್ನೂ ಇಳಿಸಿ ಏನೂ ಕೇಳದೆ ತೆಗೆದುಕೊಂಡು ಹೋದಳು.

ಜುಲೈ 13, ಭಾನುವಾರ

ಇವರು ಎಲ್ಲರಿಗೂ ಫೋನಿನಲ್ಲಿ ಹೇಳುತ್ತಿದ್ದಾರೆ. "ನಮ್ಮನಿಯಾಕಿ ಓದಿದಾಕಿ, ಮೊದ್ಲೇ ಬ್ಯಾಡ ಅಂದಿದ್ಲು. ನಮ್ಮವ್ವ ಕೇಳ್ಬೇಕಲ್ಲ." ನನ್ನ ಅವ್ವ ಹರಿಹರದಿಂದ ಫೋನಿನಲ್ಲಿ ಅತ್ತಳು, "ನಿನ್ನ ಮಾತು ಕೇಳಿದ್ರೆ ಇಂಥ ಗತಿ ಬರ್ತಿದ್ದಿಲ್ಲ" ಅಂತ.

ಇವತ್ತು ಭಾನುವಳ್ಳಿಯಿಂದ ಮಾವನ ಫೋನು. ಇವರು ಮಾತಾಡಲಿಲ್ಲ, ಸ್ಪೀಕರಿಗೆ ಹಾಕಿ ನನ್ನ ಕೈಗೆ ಕೊಟ್ಟರು.

"ಏನವ್ವ ಸುನೀತಾ. ಊರಾಗ ಜನ ಒಂದೊಂದು ಮಾತಾಡ್ತಾರೆ, ಕೂಸು ಕೊಲ್ಲೋಕೆ ಹೋಗಿದ್ಲು ಅಂತಾರೆ. ಇವಳನ್ನ ಕೇಳಿದ್ರೆ ಹೌದು ನಾನೇ ಅಂತಾಳೆ. ಮೂವತ್ತೈದು ವರ್ಷ ಬಾಳ್ವೆ ಮಾಡೀನಿ, ನನಗೆ ನಂಬಿಕಿ ಬರವಲ್ದು. ನೀನು ಮನ್ಯಾಗ ಇದ್ದಾಕಿ, ನೀನೇ ಹೇಳವ್ವ. ನೀನು ಹೇಳಿದ್ದು ನಾನು ನಂಬ್ತೀನಿ."

ಇವರು ನನ್ನ ಎದುರಿಗೇ ನಿಂತಿದ್ದರು. ಸಿರಿ ನನ್ನ ಹೆಗಲ ಮೇಲಿದ್ದಳು.

"ನಾನು ಮೊದಲೇ ಬ್ಯಾಡ ಅಂದಿದ್ದೆ ಮಾವ" ಅಂದೆ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

"ಆತು" ಅಂದರು ಮಾವ. ಆ ಕಡೆ ಪಾತ್ರೆ ಉಜ್ಜುವ ಸದ್ದು ಬರುತ್ತಿತ್ತು, ಅದು ನಿಂತಿತು. ದೂರದಿಂದ ಅತ್ತೆಯ ದನಿ, ಫೋನಿಗಲ್ಲ, ಮಾವನಿಗೆ:

"ಕೂಸು ಹಾಲು ಕುಡೀತೈತಾ, ಅಷ್ಟು ಕೇಳ್ರಿ."

ಇವರು ನನ್ನ ಕೈಯಿಂದ ಕಿತ್ತುಕೊಂಡು ಫೋನ್ ಕಟ್ ಮಾಡಿದರು.

ಕುಡಿಯುತ್ತಾಳೆ ಅನ್ನಬೇಕಿತ್ತು.